ಕಡಲನೀರಿನ ತೊಟ್ಟಿಗೆ ಪಾಚಿಯ ಕಾಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಮುದ್ರದ ಮೀನುಗಳನ್ನು ಮನೆಯಲ್ಲಿ ಸಾಕುವವರು ಬರೆದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಪಾಚಿಯದೇ ದೂರು. ಎಲ್ಲರೂ ಕೇಳಿರುವುದು ‘ಯಾವ ಔಷಧಿ ಹಾಕಬೇಕು’ ಎಂದು. ಆದರೆ ‘ಪಾಚಿ’ ಎಂದು ನಾವು ಒಂದೇ ಮಾತಿನಲ್ಲಿ ಕರೆಯುವುದರಲ್ಲಿ ನಾಲ್ಕೈದು ಬೇರೆ ಬೇರೆ ಜೀವಿಗಳಿವೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಗೊಬ್ಬರವಾಗುತ್ತದೆ. ಹಾಗಾಗಿ ಪ್ರತಿ ಉತ್ತರದಲ್ಲೂ ಗುರುತು ಹಿಡಿಯುವ ಬಗೆಯನ್ನೇ ಮೊದಲು ಹೇಳಿದ್ದೇವೆ.

ಪ್ರಶ್ನೆ: ತೊಟ್ಟಿ ಶುರುಮಾಡಿ ಮೂರು ವಾರವಾಯಿತು, 150 ಲೀಟರಿನದು. ಮರಳು, ಗಾಜು, ಕಲ್ಲು ಎಲ್ಲದರ ಮೇಲೂ ಕಂದು ಪುಡಿ. ಒರೆಸಿದರೆ ಮರುದಿನ ಸಂಜೆಗೆ ಮತ್ತೆ ಬಂದಿರುತ್ತದೆ. ಮನೆಯಲ್ಲಿ ಕುಡಿಯಲು ಇಟ್ಟ ಆರ್‌ಒ ಯಂತ್ರದ ನೀರಿಗೇ ಉಪ್ಪು ಬೆರೆಸುತ್ತಿದ್ದೇವೆ. (ಬೆಂಗಳೂರು)

ಉತ್ತರ: ಇದು ಡಯಾಟಮ್. ಬೆರಳಿನಿಂದ ಸವರಿದರೆ ಹಿಟ್ಟಿನಂತೆ ಸುಲಭವಾಗಿ ಬಂದುಬಿಡುತ್ತದೆ, ಲೋಳೆಯಿರುವುದಿಲ್ಲ, ನೂಲು ಎಳೆಯುವುದಿಲ್ಲ. ಈ ಏಕಕೋಶ ಜೀವಿಯ ಕವಚ ಸಿಲಿಕಾದಿಂದಾದದ್ದು. ಹೊಸ ಮರಳು, ಹೊಸ ಕಲ್ಲು, ನೀರು ಮೂರರಿಂದಲೂ ಅದಕ್ಕೆ ಬೇಕಾದ ಸಿಲಿಕೇಟ್ ಸಿಗುತ್ತದೆ. ಹೊಸ ತೊಟ್ಟಿಯಲ್ಲಿ ಎರಡರಿಂದ ಆರು ವಾರ ಇದ್ದು, ಸಿಲಿಕೇಟ್ ಮುಗಿದಂತೆ ತಾನೇ ಹೋಗುತ್ತದೆ. ಮೂರನೇ ವಾರಕ್ಕೆ ಗಾಬರಿಪಟ್ಟು ಏನನ್ನೂ ಸುರಿಯಬೇಡಿ. ಗಾಜು ಒರೆಸಿ, ಬೆಳಕು ದಿನಕ್ಕೆ 6 ಗಂಟೆಗಿಂತ ಹೆಚ್ಚಾಗದಂತೆ ನೋಡಿಕೊಳ್ಳಿ, ಅಷ್ಟು ಸಾಕು.

ಎರಡು ತಿಂಗಳು ಕಳೆದರೂ ಹೋಗದಿದ್ದರೆ ತಪ್ಪು ನಿಮ್ಮ ನೀರಿನದು. ಅದನ್ನು ಈಗಲೇ ಸರಿಮಾಡಿಕೊಳ್ಳುವುದು ಒಳ್ಳೆಯದು. ಕುಡಿಯುವ ನೀರಿನ ಯಂತ್ರಗಳು ಪೊರೆಯಿಂದ (ಆರ್‌ಒ ಮೆಂಬ್ರೇನ್) ಬಂದ ಶುದ್ಧ ನೀರಿಗೆ, ರುಚಿಗೆಂದು, ಪೊರೆ ದಾಟದ ನೀರನ್ನೂ ಸ್ವಲ್ಪ ಬೆರೆಸುತ್ತವೆ. ಯಂತ್ರದೊಳಗಿನ ‘ಟಿಡಿಎಸ್ ಕಂಟ್ರೋಲರ್’ ಎಂಬ ಪುಟ್ಟ ತಿರುಪಿನ ಕೆಲಸ ಅದೇ (ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ). ಅದರ ಮೇಲೆ ಖನಿಜ ಸೇರಿಸುವ ಕಾರ್ಟ್ರಿಜ್ ಬೇರೆ. ನಾಲಗೆಗೆ ಹಿತವಾದ ಈ ನೀರು ತೊಟ್ಟಿಗೆ ಆಗದು. ಬೋರ್‌ವೆಲ್ ನೀರಿನ ಬಡಾವಣೆಯಾದರೆ ಇನ್ನೂ ಕಷ್ಟ. ಒಳಗೆ ಹೋಗುವ ನೀರಿನ ಟಿಡಿಎಸ್ 1000 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇದ್ದು, ಪೊರೆ ಶೇ 95ರಷ್ಟು ತಡೆದರೂ 50 ಪಿಪಿಎಂ ಉಳಿಯುತ್ತದೆ. ನೈಟ್ರೇಟೂ ಸಿಲಿಕೇಟೂ ಆ ಉಳಿದ ಪಾಲಿನಲ್ಲಿ ಇರುತ್ತವೆ.

ಹೀಗೆ ಮಾಡಿ. ಪೊರೆಯ ಶುದ್ಧನೀರಿನ ಕೊಳವೆಗೆ, ಬೆರೆಸುವ ತಿರುಪು ಬರುವ ಮುಂಚೆಯೇ, ಕಾಲಿಂಚಿನ ‘ಟಿ’ ಜೋಡಿಸಿ ಒಂದು ಕವಲು ತೆಗೆಯಿರಿ. ಮನೆಯವರ ಕುಡಿಯುವ ನೀರು ಮೊದಲಿನಂತೆಯೇ ಇರುತ್ತದೆ. ಕವಲಿನ ತುದಿಗೆ 10 ಇಂಚಿನ ಡಿಐ (ಉಳಿದ ಲವಣವನ್ನೂ ತೆಗೆಯುವ) ಕಾರ್ಟ್ರಿಜ್ ಕೂರಿಸಿ, ಒಳಗೆ ‘ಮಿಕ್ಸೆಡ್ ಬೆಡ್ ರೆಸಿನ್’ ಎಂಬ ಲವಣ ಹಿಡಿಯುವ ಕಾಳು ತುಂಬಿ. ಕಾರ್ಟ್ರಿಜ್ ನೆಟ್ಟಗೆ ನಿಂತಿರಬೇಕು, ನೀರು ಕೆಳಗಿನಿಂದ ಮೇಲಕ್ಕೆ ಹರಿಯಬೇಕು. ಮಲಗಿಸಿದರೆ ನೀರು ಒಂದೇ ಬದಿಯಲ್ಲಿ ದಾರಿ ಮಾಡಿಕೊಂಡು ಅರ್ಧ ರೆಸಿನ್ನನ್ನು ಮುಟ್ಟದೆ ಹೋಗುತ್ತದೆ. ಹೊರಬರುವ ನೀರಿನ ಟಿಡಿಎಸ್ 0 ಇರಬೇಕು. ಮೀಟರ್ 1 ತೋರಿಸಿದ ದಿನವೇ ರೆಸಿನ್ ಬದಲಿಸಿ, 5 ಆಗಲಿ ಎಂದು ಕಾಯಬೇಡಿ. ಟಿಡಿಎಸ್ ಮೀಟರ್ ಅಳೆಯುವುದು ವಿದ್ಯುತ್ ಹರಿಯುವ ಗುಣವನ್ನು. ನೀರಿನಲ್ಲಿ ಕರಗಿದ ಸಿಲಿಕಾ ಹೆಚ್ಚುಕಡಿಮೆ ವಿದ್ಯುತ್ ಹರಿಸುವುದೇ ಇಲ್ಲ. ರೆಸಿನ್ ಸೋಲತೊಡಗಿದಾಗ ಮೊದಲು ಕೈಬಿಡುವುದೂ ಸಿಲಿಕಾವನ್ನೇ. ಮೀಟರಿನ ಸೂಚಿ ಅಲುಗುವಷ್ಟರಲ್ಲಿ ಅದು ತೊಟ್ಟಿಗೆ ಇಳಿದಾಗಿರುತ್ತದೆ.

ಪ್ರಶ್ನೆ: 200 ಲೀಟರಿನ ತೊಟ್ಟಿ, ಒಂದು ವರ್ಷ ಹಳೆಯದು. ಕಲ್ಲಿನ ಮೇಲೆ ಬೆರಳುದ್ದದ ಹಸಿರು ಕೂದಲು ಬೆಳೆದಿದೆ. ಪರೀಕ್ಷಾ ಕಿಟ್‌ನಲ್ಲಿ ನೋಡಿದರೆ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಆಹಾರವೇ ಇಲ್ಲದೆ ಪಾಚಿ ಬೆಳೆಯುವುದು ಹೇಗೆ? (ಮೈಸೂರು)

ಉತ್ತರ: ಆಹಾರ ಇದೆ, ಪಾಚಿಯ ಹೊಟ್ಟೆಯಲ್ಲಿದೆ. ಕಿಟ್ ಅಳೆಯುವುದು ನೀರಿನಲ್ಲಿ ಉಳಿದದ್ದನ್ನು ಮಾತ್ರ. ಮೀನಿನ ಮಲ, ಮಿಕ್ಕ ತಿಂಡಿ ಕರಗಿ ಬರುವ ನೈಟ್ರೇಟ್, ಫಾಸ್ಫೇಟನ್ನು ಅಷ್ಟುದ್ದ ಬೆಳೆದ ಪಾಚಿ ಬಂದ ಗಳಿಗೆಯಲ್ಲೇ ಹೀರುತ್ತಿದೆ. ಆ ಸೊನ್ನೆಯನ್ನು ನಂಬಿ ಇನ್ನಷ್ಟು ಫಾಸ್ಫೇಟ್ ಹೀರುವ ಪುಡಿ ಹಾಕುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಒಳಬರುವ ಲೆಕ್ಕ ನೋಡಿ. ಒಣ ಮೀನಿನಾಹಾರದಲ್ಲಿ ರಂಜಕ ಶೇ 1ರ ಆಸುಪಾಸು ಇರುತ್ತದೆ. ಒಂದು ಗ್ರಾಂ ತಿಂಡಿಯಲ್ಲಿ 10 ಮಿಲಿಗ್ರಾಂ ರಂಜಕ, ಫಾಸ್ಫೇಟ್ ಲೆಕ್ಕದಲ್ಲಿ ಸುಮಾರು 30 ಮಿಲಿಗ್ರಾಂ. 200 ಲೀಟರಿಗೆ ಅದು 0.15 ಪಿಪಿಎಂ. ಇಂಥ ತೊಟ್ಟಿಯಲ್ಲಿ ಇರಬೇಕಾದದ್ದು 0.03ರಿಂದ 0.1. ದಿನಾ ಒಂದು ಗ್ರಾಂ ಹಾಕುತ್ತ ವಾರಕ್ಕೊಮ್ಮೆ ಶೇ 10 ನೀರು ಬದಲಿಸಿದರೆ ಹೋಗುವುದು ಹತ್ತನೇ ಒಂದು ಪಾಲು, ಬರುವುದು ಏಳು ದಿನದ್ದು. ಉಳಿದದ್ದನ್ನು ಸುಣ್ಣಕಲ್ಲು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ನೀರಿನಲ್ಲಿ ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಕೂದಲುಪಾಚಿ ಕಲ್ಲಿನ ಮೇಲೆಯೇ ಯಾಕೆ ದಟ್ಟವಾಗಿದೆ ಎಂಬುದಕ್ಕೆ ಇದೂ ಒಂದು ಕಾರಣ.

ಮೊದಲ ಕೆಲಸ ಕೈಯಲ್ಲಿ ಕೀಳುವುದು. ಪಂಪು ನಿಲ್ಲಿಸಿ. ಸೈಫನ್ ಕೊಳವೆಯ ಬಾಯಿಗೆ ಗಟ್ಟಿ ಹಲ್ಲುಜ್ಜುವ ಬ್ರಷ್ಷನ್ನು ರಬ್ಬರ್‌ಬ್ಯಾಂಡಿನಲ್ಲಿ ಕಟ್ಟಿ, ಉಜ್ಜುತ್ತಲೇ ಹೀರಿ. ಕೊಳವೆಯಿಲ್ಲದೆ ಉಜ್ಜಿದರೆ ತುಂಡುಗಳು ತೊಟ್ಟಿಯ ತುಂಬ ಹರಡಿ ಹೊಸ ಜಾಗದಲ್ಲಿ ಬೇರೂರುತ್ತವೆ. ಕಲ್ಲು ಎತ್ತಲು ಬರುವಂತಿದ್ದರೆ ತೊಟ್ಟಿಯಿಂದ ತೆಗೆದ ಉಪ್ಪುನೀರಿನ ಬಕೆಟ್ಟಿನಲ್ಲೇ ಉಜ್ಜಿ. ನಲ್ಲಿ ನೀರು ಮುಟ್ಟಿಸಬೇಡಿ, ಕಲ್ಲಿನೊಳಗಿನ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ. ಸೈಫನ್ನಿನಲ್ಲಿ ಹೋದಷ್ಟು ನೀರಿಗೆ, ಶೇ 20ರ ಒಳಗೆ, ಹೊಸ ಉಪ್ಪುನೀರು ತುಂಬಿ. ಸಾಂದ್ರತೆ 1.025, ಉಷ್ಣತೆ ತೊಟ್ಟಿಯದ್ದಕ್ಕೆ ಸಮ. ವಾರಕ್ಕೊಮ್ಮೆ, ಕನಿಷ್ಠ ಆರು ವಾರ ಹೀಗೆ ಮಾಡಬೇಕು. ಒಂದೇ ದಿನ ಪೂರ್ತಿ ಬೋಳಿಸುವ ಆಸೆ ಬೇಡ.

ತಿಂಡಿಯನ್ನು ಅರ್ಧಕ್ಕಿಳಿಸಿ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟೇ ಹಾಕಿ. ಹೆಪ್ಪುಗಟ್ಟಿದ ಸೀಗಡಿಯ ಬಿಲ್ಲೆಯನ್ನು ನೇರ ತೊಟ್ಟಿಗೆ ಹಾಕದೆ, ಬಟ್ಟಲಲ್ಲಿ ಕರಗಿಸಿ ಟೀ ಸೋಸುವ ಜಾಲರಿಯಲ್ಲಿ ಸೋಸಿ, ಆ ನೀರು ಚೆಲ್ಲಿ. ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಕಾಳನ್ನು ಬಳಸುವುದೇ ಆದರೆ 200 ಲೀಟರಿಗೆ ಮೂರು ಟೇಬಲ್ ಚಮಚದಿಂದ ಶುರುಮಾಡಿ. ಮೊದಲು ಆರ್‌ಒ ನೀರಿನಲ್ಲಿ ಕೆಂಪು ಧೂಳು ಹೋಗುವವರೆಗೆ ತೊಳೆಯಿರಿ. ಡಬ್ಬಿಯ ಮೇಲೆ ಬರೆದ ಪೂರ್ತಿ ಅಳತೆ ಒಮ್ಮೆಗೇ ಹಾಕಿದರೆ ಫಾಸ್ಫೇಟ್ ದಿಢೀರನೆ ನೆಲಕಚ್ಚಿ, ಮುಂದಿನ ಪ್ರಶ್ನೆಯಲ್ಲಿರುವ ಪಾಡು ಬರುತ್ತದೆ.

ಶಂಖದಹುಳುಗಳು ಉದ್ದ ಕೂದಲನ್ನು ತಿನ್ನುವುದಿಲ್ಲ. ನೀವು ಕಿತ್ತು ಅರ್ಧ ಸೆಂಟಿಮೀಟರಿಗೆ ಇಳಿಸಿದ ಮೇಲೆ ಬಿಟ್ಟರೆ ಮಾತ್ರ ಹೊಸ ಚಿಗುರನ್ನು ಮೇಯುತ್ತವೆ. 200 ಲೀಟರಿಗೆ ಎಂಟು ಹತ್ತು ಟರ್ಬೊ ಶಂಖ ಸಾಕು. ಹೆಚ್ಚಾದರೆ ಹಸಿವಿನಿಂದ ಸತ್ತು ಅವೇ ಗೊಬ್ಬರವಾಗುತ್ತವೆ. ಬಿಡುವ ಮುನ್ನ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಂದೂವರೆ ಗಂಟೆ ಬಿಟ್ಟು ಒಗ್ಗಿಸಿ, ಉಪ್ಪಿನಂಶದ ಏರುಪೇರನ್ನು ಅವು ತಾಳುವುದಿಲ್ಲ. ಕೊಳ್ಳುವಾಗ ಒಂದು ಎಚ್ಚರ: ಟ್ರೋಕಸ್ ನೈಲೋಟಿಕಸ್ ಎಂಬ ದೊಡ್ಡ ಶಂಖ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ.

ನಿಮ್ಮ ತೊಟ್ಟಿಯ ಕೆಳಗೆ ಸಂಪ್ ಇದ್ದರೆ (ಮನೆಯ ಅಂಗಳದ ಸಂಪಲ್ಲ, ತೊಟ್ಟಿಯ ಕೆಳಗಿನ ಶೋಧಕದ ಪೆಟ್ಟಿಗೆ) ಒಂದು ಕೋಣೆಯಲ್ಲಿ ಕೀಟೊಮಾರ್ಫಾ ಎಂಬ ತಂತಿಯಂಥ ಪಾಚಿಯನ್ನು ಬೇಕೆಂದೇ ಬೆಳೆಸಿ. ಮೇಲಿನ ದೀಪ ಆರಿದ ಮೇಲೆ ಅದರ ದೀಪ ಹತ್ತುವಂತೆ ಟೈಮರ್ ಇಡಿ, ರಾತ್ರಿ ಪಿಎಚ್ ಕುಸಿಯುವುದೂ ಕಡಿಮೆಯಾಗುತ್ತದೆ. ದಪ್ಪಗಾದಂತೆ ಅರ್ಧ ಕಿತ್ತು ಎಸೆಯಿರಿ. ಕೀಳದಿದ್ದರೆ ಲಾಭವಿಲ್ಲ, ಪೋಷಕಾಂಶ ಹೊರಹೋಗುವುದು ಆ ಎಸೆತದಲ್ಲೇ. ಅದರ ಬದಲು ಕಾಲರ್ಪಾ ಎಂಬ ಪಾಚಿ ಬೇಡ. ಅದು ಕೆಲವೊಮ್ಮೆ ರಾತ್ರೋರಾತ್ರಿ ಸಂತಾನೋತ್ಪತ್ತಿಯ ಕಣ ಬಿಟ್ಟು ಬೆಳ್ಳಗಾಗಿ ಸತ್ತು, ಹೀರಿದ್ದನ್ನೆಲ್ಲ ಒಟ್ಟಿಗೆ ನೀರಿಗೆ ಸುರಿಯುತ್ತದೆ.

ಪ್ರಶ್ನೆ: ಹಸಿರು ಪಾಚಿ ಹೋಗಲೆಂದು ಫಾಸ್ಫೇಟ್ ಹೀರುವ ಕಾಳು ಹಾಕಿದೆವು. ಹಸಿರು ಹೋಯಿತು. ಈಗ ಕಂದು ಗೊಣ್ಣೆಯಂಥ ನೂಲು, ತುದಿಯಲ್ಲಿ ಗಾಳಿಗುಳ್ಳೆ. ಬೆಳಗ್ಗೆ ಕಡಿಮೆ, ಸಂಜೆಗೆ ವಿಪರೀತ. ಶಂಖಗಳು ಒಂದೊಂದೇ ಸಾಯುತ್ತಿವೆ. (ದಾವಣಗೆರೆ)

ಉತ್ತರ: ನೀವು ವರ್ಣಿಸಿದ್ದು ಡೈನೊಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳನ್ನು. ಖಚಿತಪಡಿಸಿಕೊಳ್ಳಲು ಸ್ವಲ್ಪ ಲೋಳೆಯನ್ನು ತೊಟ್ಟಿಯ ನೀರಿನ ಜೊತೆ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ, ಟಿಶ್ಯೂ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಗಾಜಿನ ಲೋಟದಲ್ಲಿ ದೀಪದ ಕೆಳಗಿಡಿ. ಒಂದು ಗಂಟೆಯೊಳಗೆ ಕಣಗಳು ಮತ್ತೆ ಕೂಡಿಕೊಂಡು ನೂಲಾದರೆ ಅವೇ.

ನೈಟ್ರೇಟ್, ಫಾಸ್ಫೇಟ್ ಎರಡೂ ನಿಜವಾಗಿಯೂ ಸೊನ್ನೆಯಾದಾಗ ಹಸಿರು ಪಾಚಿ, ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಖಾಲಿಯಾದ ಜಾಗವನ್ನು ಇವು ಹಿಡಿಯುತ್ತವೆ. ಕೆಲವು ಜಾತಿಗಳು ವಿಷ ಬಿಡುತ್ತವೆ, ಶಂಖಗಳು ಸಾಯುತ್ತಿರುವುದು ಅದರಿಂದಲೇ ಇರಬೇಕು. ಆ ನೀರಿನಲ್ಲಿ ಕೈಯಾಡಿಸುವಾಗ ಗ್ಲೌಸ್ ಹಾಕಿಕೊಳ್ಳಿ.

ಇಲ್ಲಿ ನಡೆಯಬೇಕಾದ ದಾರಿ ಮೇಲಿನ ಉತ್ತರಕ್ಕೆ ಪೂರ್ತಿ ಉಲ್ಟಾ. ಕಾಳು ಇವತ್ತೇ ತೆಗೆಯಿರಿ. ನೀರು ಬದಲಿಸುವುದನ್ನು ನಿಲ್ಲಿಸಿ. ಪೋಷಕಾಂಶ ನೀವೇ ಹಾಕಿ: ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.1ರ ಹತ್ತಿರ ನಿಲ್ಲಬೇಕು. ಪೊಟ್ಯಾಸಿಯಂ ನೈಟ್ರೇಟ್ 16.3 ಗ್ರಾಮನ್ನು ಒಂದು ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿದರೆ, ಅದರ 20 ಮಿಲಿಲೀಟರ್ 200 ಲೀಟರ್ ತೊಟ್ಟಿಯ ನೈಟ್ರೇಟನ್ನು 1 ಪಿಪಿಎಂ ಏರಿಸುತ್ತದೆ. ಮೊನೊ ಪೊಟ್ಯಾಸಿಯಂ ಫಾಸ್ಫೇಟ್ 1.43 ಗ್ರಾಮನ್ನು ಇನ್ನೊಂದು ಲೀಟರಿನಲ್ಲಿ ಕರಗಿಸಿದರೆ, 10 ಮಿಲಿಲೀಟರಿಗೆ ಫಾಸ್ಫೇಟ್ 0.05 ಏರುತ್ತದೆ. ಎರಡನ್ನೂ ಬೇರೆ ಬಾಟಲಿಗಳಲ್ಲಿಟ್ಟು ಹೆಸರು ಬರೆಯಿರಿ, ಮಕ್ಕಳ ಕೈಗೆ ಸಿಗದಂತಿಡಿ. ಗೊಬ್ಬರದ ಅಂಗಡಿಯಲ್ಲಿ 13-0-45, 0-52-34 ಎಂದು ಸಿಗುವುದು ಇವೇ ಎರಡು ಲವಣಗಳು. ಆದರೂ ಪ್ರಯೋಗಾಲಯ ದರ್ಜೆಯದು ಸಿಕ್ಕರೆ ಅದನ್ನೇ ಕೊಳ್ಳಿ, ತೊಟ್ಟಿಗೆ ಬೇಕಾಗುವುದು ಚಿಟಿಕೆಯಷ್ಟೇ. ಮೊದಮೊದಲು ಹಾಕಿದ್ದು ಮರುದಿನಕ್ಕೆ ಮಾಯವಾಗುತ್ತದೆ. ದಿನಾ ಅಳೆದು ದಿನಾ ಹಾಕಿ, ಅಂಕಿ ನಿಲ್ಲುವವರೆಗೆ.

ಜೊತೆಗೆ ಹರಿಯುವ ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯುವಿ ದೀಪ ಬೇಕು, 10-12 ಲೀಟರಿಗೆ ಒಂದು ವಾಟಿನಂತೆ. ಅದರ ನೀರು ಸಂಪಿನಿಂದಲ್ಲ, ಮೀನಿರುವ ತೊಟ್ಟಿಯಿಂದಲೇ ಹೋಗಿ ಅಲ್ಲಿಗೇ ಮರಳಬೇಕು. ಆಸ್ಟ್ರಿಯೋಪ್ಸಿಸ್‌ನಂಥ ಜಾತಿಗಳು ರಾತ್ರಿ ನೀರಿಗೆ ಬಿಟ್ಟುಕೊಳ್ಳುವುದರಿಂದ ಯುವಿಗೆ ಸಿಗುತ್ತವೆ. ಆಂಫಿಡಿನಿಯಂ ಹಾಗಲ್ಲ, ರಾತ್ರಿಯೂ ಮರಳಿನಲ್ಲೇ ಅವಿತಿರುತ್ತದೆ, ಅದಕ್ಕೆ ಯುವಿ ನಾಟದು. ಹತ್ತಿರದ ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ಸೂಕ್ಷ್ಮದರ್ಶಕ ನೋಡಲು ಕೊಟ್ಟರೆ ದೀಪಕ್ಕೆ ಹಣ ಹಾಕುವ ಮೊದಲು ಒಂದು ಹನಿ ತೋರಿಸಿಕೊಳ್ಳಿ. ಆಂಫಿಡಿನಿಯಂ ಆದರೆ ಮರಳಿನ ಮೇಲೆ ಅದರೊಡನೆ ಪೈಪೋಟಿ ಮಾಡುವ ಡಯಾಟಮ್ ಬೆಳೆಯಲೆಂದು ಸಿಲಿಕೇಟ್ ಹಾಕುವುದುಂಟು. ಮೊದಲ ಪ್ರಶ್ನೆಯಲ್ಲಿ ಕಾಟವಾಗಿದ್ದದ್ದು ಇಲ್ಲಿ ನೆರವಿಗೆ ಬರುತ್ತದೆ.

ಪ್ರಶ್ನೆ: ಮರಳಿನ ಮೇಲೆ ಕೆಂಪು-ನೇರಳೆ ಹೊದಿಕೆ. ಚಾಪೆಯಂತೆ ಸುರುಳಿ ಬಿಚ್ಚಿ ಬರುತ್ತದೆ, ಕೆಟ್ಟ ವಾಸನೆ. ಎರಿಥ್ರೊಮೈಸಿನ್ ಹಾಕಿ ಎಂದು ಪರಿಚಯದವರು ಹೇಳಿದರು. (ಹುಬ್ಬಳ್ಳಿ)

ಉತ್ತರ: ಇದು ಪಾಚಿಯೇ ಅಲ್ಲ, ಸಯನೊಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಆದ್ದರಿಂದಲೇ ಪ್ರತಿಜೈವಿಕಕ್ಕೆ ಸಾಯುತ್ತದೆ. ಆದರೆ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ನಿಮ್ಮ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು. ಸತ್ತ ಚಾಪೆ ಕೊಳೆತು ಆಮ್ಲಜನಕ ಇಳಿಯುತ್ತದೆ, ಕಾರಣ ಹಾಗೇ ಉಳಿದಿರುವುದರಿಂದ ತಿಂಗಳಲ್ಲಿ ಮತ್ತೆ ಬರುತ್ತದೆ. ಮೊದಲಿಗೇ ಆ ದಾರಿ ಹಿಡಿಯಬೇಡಿ.

ಚಾಪೆ ಎಲ್ಲಿ ಮೊದಲು ಮೂಡುತ್ತದೆ ಗಮನಿಸಿ. ಸಾಮಾನ್ಯವಾಗಿ ನೀರು ನಿಂತ ಮೂಲೆ, ಕಲ್ಲಿನ ಹಿಂಬದಿ. ತೊಟ್ಟಿಯ ನೀರು ಗಂಟೆಗೆ 20ರಿಂದ 30 ಸಲ ಸುತ್ತುವಷ್ಟು ಹರಿವು ಬೇಕು. 200 ಲೀಟರಿಗೆ ಗಂಟೆಗೆ 4000 ಲೀಟರಿನ ವೇವ್‌ಮೇಕರ್ (ನೀರಿನಲ್ಲಿ ಹರಿವು ಎಬ್ಬಿಸುವ ಪಂಪು) ಕನಿಷ್ಠ, ಎರಡು ಚಿಕ್ಕವು ಎದುರುಬದುರಾಗಿದ್ದರೆ ಇನ್ನೂ ಒಳ್ಳೆಯದು. ಹಳೆಯ ಪಂಪನ್ನು ಬಿಚ್ಚಿ, ವಿನೆಗರ್ ಅರ್ಧ ನೀರು ಅರ್ಧ ಬೆರೆಸಿ ಒಂದು ಗಂಟೆ ನೆನೆಸಿ ಉಜ್ಜಿ. ಸುಣ್ಣ ಕಟ್ಟಿದ ಪಂಪು ಬರೆದಷ್ಟು ನೀರು ತಳ್ಳುವುದಿಲ್ಲ.

ಚಾಪೆಯನ್ನು ಸೈಫನ್ನಿನಿಂದ ಎಳೆದುಹಾಕಿ, ಬಳಿಕ ಮೂರು ದಿನ ಪೂರ್ತಿ ಕತ್ತಲು: ದೀಪವಿಲ್ಲ, ತೊಟ್ಟಿಗೆ ಸುತ್ತಲೂ ಕಂಬಳಿ. ಗಾಳಿಯ ಪಂಪು ಹಗಲೂ ರಾತ್ರಿ ಓಡಬೇಕು. ಕರೆಂಟು ಹೋಗುವ ಊರಾದರೆ ಬ್ಯಾಟರಿಯ ಗಾಳಿಪಂಪು ಇಟ್ಟುಕೊಂಡೇ ಇದಕ್ಕೆ ಕೈಹಾಕಿ. ನಾಲ್ಕನೆಯ ದಿನ ಶೇ 25 ನೀರು ಬದಲಿಸಿ, ದೀಪವನ್ನು 4 ಗಂಟೆಯಿಂದ ಶುರುಮಾಡಿ ವಾರದಲ್ಲಿ 7ಕ್ಕೆ ಏರಿಸಿ. ನೈಟ್ರೇಟ್ ಸೊನ್ನೆಯಿದ್ದು ಫಾಸ್ಫೇಟ್ ಮಾತ್ರ ಹೆಚ್ಚಿದ್ದರೂ ಇದು ಬರುತ್ತದೆ. ಇದರ ಹಲವು ಜಾತಿಗಳು ಕರಗಿದ ಸಾರಜನಕ ಅನಿಲದಿಂದಲೇ ತಮ್ಮ ಆಹಾರ ಮಾಡಿಕೊಳ್ಳಬಲ್ಲವು, ಉಳಿದವರು ಹಸಿದಿರುವಾಗ ಇವಕ್ಕೆ ಹಬ್ಬ. ಹಾಗಿದ್ದರೆ ನೈಟ್ರೇಟನ್ನು 5ಕ್ಕೆ ಏರಿಸುವುದೇ ಪರಿಹಾರ.

ಪ್ರಶ್ನೆ: ಕಡಲು ಪಕ್ಕದಲ್ಲೇ ಇರುವಾಗ ಉಪ್ಪಿನ ಪುಡಿ ಯಾಕೆ ಕೊಳ್ಳಬೇಕು? ಪಣಂಬೂರಿನಿಂದ ನೀರು, ಒಂದಿಷ್ಟು ಕಲ್ಲು ತಂದರೆ ಆಗದೇ? (ಮಂಗಳೂರು)

ಉತ್ತರ: ನೀರು ತರಬಹುದು, ಆದರೆ ಅಲ್ಲಿಂದಲ್ಲ, ಎಲ್ಲ ಕಾಲದಲ್ಲೂ ಅಲ್ಲ. ಪಣಂಬೂರಿನ ಮಗ್ಗುಲಲ್ಲೇ ಬಂದರು ಇದೆ, ಹಡಗಿನ ಎಣ್ಣೆಯ ಭಯ. ನೇತ್ರಾವತಿ, ಗುರುಪುರ ನದಿಗಳು ಬೆಂಗ್ರೆ-ಉಳ್ಳಾಲದ ನಡುವೆ ಕಡಲು ಸೇರುವುದರಿಂದ ಅಳಿವೆಯ ಆಸುಪಾಸಿನ ನೀರೂ ಬೇಡ. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಎಲ್ಲಿಂದಲೂ ತರಬೇಡಿ. ಹೊಳೆಯ ನೀರು ಉಪ್ಪಿನಂಶ ಇಳಿಸುತ್ತದೆ, ಗದ್ದೆ-ಚರಂಡಿಯ ಪೋಷಕಾಂಶ ಹೊತ್ತು ತರುತ್ತದೆ. ಆ ತಿಂಗಳುಗಳಲ್ಲಿ ನಮ್ಮ ಕರಾವಳಿಯುದ್ದಕ್ಕೂ ಕಡಲಾಳದ ಪೋಷಕಾಂಶಭರಿತ ನೀರು ಮೇಲೇಳುವುದೂ ಉಂಟು. ಮೀನುಗಾರರಿಗೆ ಅದು ವರ, ನಿಮ್ಮ ತೊಟ್ಟಿಗೆ ಪಾಚಿಯ ಗೊಬ್ಬರ.

ಡಿಸೆಂಬರಿನಿಂದ ಏಪ್ರಿಲ್ ನಡುವೆ, ಭರತದ ಹೊತ್ತಿನಲ್ಲಿ, ದಡದಿಂದ ದೂರ ಹೋಗುವ ದೋಣಿಯವರಿಂದ ಆಹಾರ ದರ್ಜೆಯ ಕ್ಯಾನಿನಲ್ಲಿ ತರಿಸಿ. 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮುಚ್ಚಿದ ಕತ್ತಲ ಡ್ರಮ್ಮಿನಲ್ಲಿ ಗಾಳಿ ಬಿಡುತ್ತ ಎರಡು ವಾರ ಇಡಿ. ಕಣ್ಣಿಗೆ ಕಾಣದ ಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಸತ್ತು ಕೊಳೆಯುವ ಕೆಲಸ ಡ್ರಮ್ಮಿನಲ್ಲೇ ಮುಗಿಯಲಿ. ಬಳಸುವ ಮುನ್ನ ಸಾಂದ್ರತೆ, ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ಅಳೆಯಿರಿ.

ಕಲ್ಲು ಮಾತ್ರ ಖಂಡಿತ ಬೇಡ. ತೊಟ್ಟಿಯವರು ‘ಲೈವ್ ರಾಕ್’ ಎನ್ನುವುದು ಹೆಚ್ಚಾಗಿ ಹವಳದ ಅಸ್ಥಿ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ಭಾರತದಲ್ಲಿ 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿಗೆ ಸಿಗುವ ರಕ್ಷಣೆಯೇ ಅವಕ್ಕೂ. ಸೆರಾಮಿಕ್ ಅಥವಾ ಸಿಮೆಂಟಿನ ಕೃತಕ ಕಲ್ಲು ಕೊಂಡು ತಿಂಗಳುಗಟ್ಟಲೆ ಪಳಗಿಸಿ. ಸಿಮೆಂಟಿನದಾದರೆ ಪಿಎಚ್ ಏರುವುದು ನಿಲ್ಲುವವರೆಗೆ ಸಿಹಿನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಿರಿ.

ಪ್ರಶ್ನೆ: ಕೂದಲುಪಾಚಿಯಂತೆಯೇ ಇದೆ, ಆದರೆ ಹಕ್ಕಿಯ ಗರಿಯಂತೆ ಎರಡು ಬದಿಗೂ ಕವಲು. ಎಷ್ಟು ಕಿತ್ತರೂ, ಪೋಷಕಾಂಶ ಇಳಿಸಿದರೂ ಜಗ್ಗುತ್ತಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಹಾಕಬಹುದೇ? (ಧಾರವಾಡ)

ಉತ್ತರ: ಗರಿಯಂತಿದ್ದರೆ ಅದು ಬ್ರಯೋಪ್ಸಿಸ್. ಚೂರು ಉಳಿದರೂ ಚಿಗುರುತ್ತದೆ, ಔಷಧಿಯ ಮಾತು ಒಪ್ಪಬಹುದಾದದ್ದು ಇಲ್ಲಿ ಮಾತ್ರ. ಕೆಲಸ ಮಾಡುವುದು ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧಿ, ಲೀಟರಿಗೆ ಸುಮಾರು 5 ಮಿಲಿಗ್ರಾಂ. 200 ಲೀಟರಿಗೆ 150 ಮಿಲಿಗ್ರಾಮಿನ ಏಳು ಮಾತ್ರೆ. ವೈದ್ಯರ ಚೀಟಿಯ ಮೇಲೆ ಸಿಗುವ ಔಷಧಿಯಾದ್ದರಿಂದ ಪಶುವೈದ್ಯರ ಮೂಲಕ ಪಡೆಯಿರಿ. ಬೇರೆ ಔಷಧಿಯ ಮಾತ್ರೆಗಳೂ ಜೊತೆಗಿರುವ ಕಿಟ್ ಆಗದು. ಶೋಧಕದಲ್ಲಿ ಇದ್ದಿಲು ಇದ್ದರೆ ತೆಗೆದು, ಯುವಿ ಆರಿಸಿ, ಮಾತ್ರೆಯ ಪುಡಿಯನ್ನು ತೊಟ್ಟಿಯ ನೀರಿನಲ್ಲೇ ಕದಡಿ ಹಾಕಿ. ಎರಡು ವಾರ ನೀರು ಬದಲಿಸಬೇಡಿ. ಮೊದಲ ವಾರ ಏನೂ ಆದಂತೆ ಕಾಣದಿದ್ದರೆ ಎರಡನೇ ಸಲ ಹಾಕಬೇಡಿ, ಬೆಳ್ಳಗಾಗಿ ಉದುರಲು ಸಮಯ ಬೇಕು. ಸತ್ತದ್ದನ್ನು ಹೀರಿ ತೆಗೆದು, ಕೊನೆಗೆ ಶೇ 30 ನೀರು ಬದಲಿಸಿ ಇದ್ದಿಲು ಇಡಿ. ಸಂಪಿನಲ್ಲಿ ಕಾಲರ್ಪಾ ಇದ್ದರೆ ಅದೂ ಸಾಯಬಹುದು, ಎರಡೂ ಒಂದೇ ಬಳಗ.

ಪೆರಾಕ್ಸೈಡನ್ನು ತೊಟ್ಟಿಗೆ ಸುರಿಯುವುದಕ್ಕಿಂತ ಹೊರತೆಗೆದ ಕಲ್ಲಿಗೆ ಬಳಿಯುವುದು ಮೇಲು: ಹಚ್ಚಿ, ಎರಡು ನಿಮಿಷ ಬಿಟ್ಟು, ಉಪ್ಪುನೀರಿನಲ್ಲಿ ಅದ್ದಿ ತೊಳೆದು ಮರಳಿಸಿ. ಹೊರದೇಶದ ಸಲಹೆಗಳಲ್ಲಿರುವ ಅಳತೆ ಶೇ 3ರ ದ್ರಾವಣದ್ದು. ನಮ್ಮ ಮೆಡಿಕಲ್ ಅಂಗಡಿಯ ಬಾಟಲಿ ಸಾಮಾನ್ಯವಾಗಿ ಶೇ 6ರದ್ದು, ಸಮಪ್ರಮಾಣ ಆರ್‌ಒ ನೀರು ಬೆರೆಸಿಯೇ ಬಳಸಿ. ಕ್ಲೀನರ್ ಸೀಗಡಿ ಇದನ್ನು ತಾಳುವುದಿಲ್ಲ.

ಪ್ರಶ್ನೆ: ಸಿಹಿನೀರಿನ ತೊಟ್ಟಿಯಲ್ಲಿ ಪಾಚಿ ತಿನ್ನುವ ಸಕ್ಕರ್ ಮೀನನ್ನು ಇಲ್ಲಿಗೂ ಬಿಡಬಹುದೇ? ಪಾಚಿ ನಾಶಕ ದ್ರಾವಣ? (ಶಿವಮೊಗ್ಗ)

ಉತ್ತರ: ಸಕ್ಕರ್ ಸಿಹಿನೀರಿನದು, ಕಡಲನೀರಿನಲ್ಲಿ ಬದುಕದು. ದ್ರಾವಣದಲ್ಲಿ ತಾಮ್ರ ಇದೆಯೇ ನೋಡಿ. ಇದ್ದರೆ ಶಂಖ, ಸೀಗಡಿ, ಏಡಿ ಎಲ್ಲ ಸಾಯುತ್ತವೆ. ತಾಮ್ರ ಕಲ್ಲಿನಲ್ಲೂ ಸೇರಿಕೊಂಡು ಬಹಳ ಕಾಲ ಉಳಿಯುತ್ತದೆ.

ಪ್ರಶ್ನೆ: ಗಾಜಿನ ಮೇಲೆ ಗುಲಾಬಿ-ನೇರಳೆ ಗಟ್ಟಿ ಚುಕ್ಕೆಗಳು, ಉಗುರಿಗೆ ಬರುತ್ತಿಲ್ಲ. ಕಲ್ಲಿನ ಸಂದಿಯಲ್ಲಿ ಹಸಿರು ಗೋಲಿಯಂಥದ್ದೂ ಇದೆ. (ಉಡುಪಿ)

ಉತ್ತರ: ಗುಲಾಬಿಯದು ಕೊರಲೈನ್ ಪಾಚಿ, ಕಲ್ಲಿನ ಮೇಲಿದ್ದರೆ ಹಾಗೇ ಬೆಳೆಯಲಿ. ಅದು ಹಿಡಿದ ಜಾಗದಲ್ಲಿ ಕೂದಲುಪಾಚಿಗೆ ಬೇರೂರುವುದು ಕಷ್ಟ. ಕ್ಯಾಲ್ಸಿಯಂ 400ರಿಂದ 450, ಕ್ಷಾರೀಯತೆ 8-9 ಡಿಕೆಎಚ್ (ಕ್ಷಾರೀಯತೆಯ ಅಳತೆಮಾನ), ಮೆಗ್ನೀಸಿಯಂ 1300ರ ಸುಮಾರಿಗೆ ಇದ್ದರೆ ಚೆನ್ನಾಗಿ ಹರಡುತ್ತದೆ. ಮುಂದಿನ ಗಾಜಿನ ಮೇಲಿನದನ್ನು ಮಾತ್ರ ಬ್ಲೇಡಿನಿಂದ ಕೆರೆಯಿರಿ. ತೊಟ್ಟಿ ಅಕ್ರಿಲಿಕ್‌ನದಾದರೆ ಲೋಹದ ಬ್ಲೇಡು ಗೀರು ಬೀಳಿಸುತ್ತದೆ, ಪ್ಲಾಸ್ಟಿಕ್ಕಿನದು ಬಳಸಿ.

ಗೋಲಿ ವ್ಯಾಲೋನಿಯಾ. ಕಲ್ಲನ್ನು ಹೊರತೆಗೆದು, ಒಡೆಯದಂತೆ ಬುಡದಿಂದ ಚಿಮಟದಲ್ಲಿ ಎಬ್ಬಿಸಿ ತೆಗೆಯಿರಿ, ಆ ಜಾಗ ತೊಳೆದು ಮರಳಿ ಇಡಿ. ಕಲ್ಲು ಎತ್ತಲು ಬಾರದಿದ್ದರೆ ಸೈಫನ್ ಬಾಯನ್ನು ಪಕ್ಕದಲ್ಲೇ ಹಿಡಿದು ಕೀಳಿ, ಒಡೆದರೂ ಒಳಗಿನದು ಕೊಳವೆಗೇ ಹೋಗುತ್ತದೆ. ನಾಲ್ಕಾರು ಇರುವಾಗಲೇ ಮಾಡಿಬಿಡಿ.